ಇಟ್ಟಿಗೆ ಗೂಡಿಗೆ ಬಿದ್ದ ನನ್ನ ಕಣ್ಣು

ಗೆಳೆಯರೇ, ನೀವೆಲ್ಲ ಮಧ್ಯಾಹ್ನದಿಂದ ಹೊಗಳುತ್ತಿರುವ ಸೀನನ ಇಟ್ಟಿಗೆ ಗೂಡಿನ ಫೋಟೋ ಇದೆಯಲ್ಲ, ಆ ಗೂಡನ್ನು ಹುಡುಕಿದವನು ನಾನು. ಹಳೇ ಹೆಂಚಿನ ಕಾರ್ಖಾನೆ, ಇಟ್ಟಿಗೆ ಗೂಡುಗಳ ಫೋಟೋ ತೆಗೆಯಲು ಪ್ರತಿ ಭಾನುವಾರ ಮಾಲೂರಿನ ಸುತ್ತ ಚಪ್ಪಲಿ ಸವೆಸುವವನೂ ನಾನೇ. ಸೀನ ಇವತ್ತು ಸ್ಕೂಟರಿನಲ್ಲಿ ಬಂದ, ಅಷ್ಟೇ.

ನಾನು ಕ್ಯಾಮೆರಾ ಎತ್ತಿದ್ದೇ ತಡ, ಗೂಡಿನ ಯಜಮಾನಿ ಅಡ್ಡ ಬಂದರು.

“ಬೇಡಪ್ಪ, ಈಗಷ್ಟೇ ಬೆಂಕಿ ಹಾಕಿದೀವಿ. ದೃಷ್ಟಿ ಆಗ್ತದೆ.”

“ಸೀನ ತೆಗೀತಿದಾನಲ್ಲಮ್ಮ?”

“ಆಯಪ್ಪ ಫೋನಲ್ಲಿ ಸುಮ್ನೆ ತೆಗೀತಾನೆ. ನೀನು ನೋಡೋದು ನೋಡಿದ್ರೆ ನಂಗೇ ಭಯ ಆಗ್ತದೆ.”

ಅಷ್ಟಕ್ಕೇ ಬಿಡದೆ, ಉಪ್ಪು ಮೆಣಸಿನಕಾಯಿ ತಂದು, ನನ್ನೆದುರಿಗೇ ಗೂಡಿಗೆ ದೃಷ್ಟಿ ತೆಗೆದರು.

ಸೀನನ ಫೋಟೋಗೆ ನಾನೂ ಲೈಕ್ ಒತ್ತಿದ್ದೇನೆ. ಲೇ ಸೀನ, ಆಯಮ್ಮನ ಹತ್ರ ಹೋಗಿ ಆ ಫೋಟೋಗೂ ಒಂದ್ಸಲ ದೃಷ್ಟಿ ತೆಗೆಸ್ಕೊಂಡ್ ಬಾರೋ.