ಬೇವು ಕಟ್ಟಿದ ಬಾಗಿಲು, ಒಗ್ಗರಣೆಯ ಘಮ

ಐವತ್ತರ ದಶಕದಲ್ಲಿ ಸಿಡುಬಿಗೆ ದಾಕು, ಅಂದರೆ ಲಸಿಕೆ, ಹಾಕುವ ಕೆಲಸ ನನ್ನದು. ಒಂದು ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಸೈಕಲ್ ತುಳಿದು ಬ್ಯಾಡರಹಳ್ಳಿಗೆ ಹೋದರೆ, ಒಂದು ಬೀದಿಯ ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿತ್ತು. ಅಂದರೆ ಒಳಗೆ ಸಿಡುಬಿನ ಅಮ್ಮ ಬಂದಿದ್ದಾಳೆ, ಹೊರಗಿನವರು ಕಾಲಿಡಬಾರದು.

ಸೈಕಲ್ ತಿರುಗಿಸುವಷ್ಟರಲ್ಲಿ ಮೂಲೆಮನೆ ಅಜ್ಜಿಯ ಒಲೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವ ಧೈರ್ಯ ಯಾರಿಗಿದೆ?

“ಅಜ್ಜೀ, ಅಮ್ಮನಿಗೆ ಹುರುಳಿ ಸಾರು ಮಾಡ್ತಿದೀರಾ?” ಎಂದು ಕೂಗಿದೆ.

ಬಾಗಿಲು ತೆರೆಯಿತು. “ಮೆತ್ತಗೆ ಕಣಪ್ಪ! ನಿನ್ನ ಸೂಜಿಗೆ ಹೆದರಿ ಬೇವು ಕಟ್ಟಿದ್ವಿ,” ಎಂದು ಅಜ್ಜಿ ನನ್ನನ್ನು ಒಳಗೆ ಕೂರಿಸಿ, ಬಾಯಿ ಮುಚ್ಚಿಸಲು ಮುದ್ದೆ ಬಡಿಸಿದಳು. “ಸಿಡುಬು ಅಮ್ಮ ಅಲ್ಲ ಅಂತೀರಲ್ಲ ನೀವು ದಾಕಿನೋರು, ಇನ್ನೇನದು?”

“ವೈರಸ್ಸು ಅಜ್ಜಿ. ಕಣ್ಣಿಗೆ ಕಾಣಲ್ಲ. ತನ್ನದು ಅಂತ ಒಲೆ ಇಲ್ಲ, ಪಾತ್ರೆ ಇಲ್ಲ. ನಮ್ಮ ಮೈಯೆಲ್ಲ ಜೀವಕೋಶ ಅನ್ನೋ ಪುಟ್ಟ ಪುಟ್ಟ ಮನೆಗಳು. ಒಂದಕ್ಕೆ ನುಗ್ಗಿ, ಆ ಮನೆಯವರ ಕೈಲೇ ತನ್ನಂಥ ನೂರಾರು ಮರಿ ಮಾಡಿಸ್ಕೊಂಡು, ಮನೆ ಕೆಡವಿ ಪಕ್ಕದ ಮನೆಗೆ ಹೋಗತ್ತೆ.”

ಅಜ್ಜಿ ನನ್ನ ಖಾಲಿ ತಟ್ಟೆ ನೋಡಿದಳು. “ಕರೀದೆ ಬರೋದು, ಮನೆಯವರ ಕೈಲಿ ಮಾಡಿಸ್ಕೊಳ್ಳೋದು, ಪಕ್ಕದ್ಮನೆಗೆ ಹೋಗೋದು. ತಿಳೀತು ಬಿಡು.”

ತೋಳು ಚಾಚಿ ದಾಕು ಹಾಕಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಪಕ್ಕದ ಮನೆಯ ಬೇವನ್ನು ತಾನೇ ಕಿತ್ತೆಸೆದು ಬಾಗಿಲು ಬಡಿದಳು. “ತೆಗಿಯೇ! ವೈರಸ್ಸು ನಮ್ಮನೇಲಿ ಉಂಡಾಯ್ತು, ಈಗ ನಿಮ್ಮನೆಗೆ ಬಂದದೆ!”

ಸಂಜೆಯೊಳಗೆ ಬೀದಿಗೆಲ್ಲ ದಾಕು ಹಾಕಿದೆ, ಐದು ಮನೆಗಳಲ್ಲಿ ಉಂಡೆ. ಒಂದು ಮನೆಯನ್ನೂ ಕೆಡವಲಿಲ್ಲ ಅನ್ನುವುದಷ್ಟೇ ನನ್ನ ಸಮಾಧಾನ.