ಉಣ್ಣಿ ಹಿಡಿಯುವ ಅರಿವಿಯ ಕುಂಚಿಗಿ

ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮಿಲ್ಲಿನ ಗೇಟಿನ ತನಕ ಹೋಗಿ ವಾಪಸು ಬಂದವನು ನಾನು. ಬಂದು ನೋಡಿದರೆ ಗ್ಯಾಸ್ ಬಂದ್ ಆಗಿತ್ತು, ಬಾಗಿಲಿಗೆ ಕೀಲಿ ಹಾಕಿರಲಿಲ್ಲ. ಇಂಥವನು ಮನೆಯ ಹೊರಗಿನ ಖೋಲಿಯನ್ನು ಉಣ್ಣಿ ಹಿಡಿಯುವ ಹುಡುಗಿಗೆ ಬಾಡಿಗೆ ಕೊಟ್ಟ ಎಂದರೆ ದಾಂಡೇಲಿಯಲ್ಲಿ ನನ್ನನ್ನು ಬಲ್ಲವರು ಇವತ್ತಿಗೂ ನಂಬುವುದಿಲ್ಲ.

ಅವಳದು ಸಂಶೋಧನೆ. ಇಲಿಗಳಿಂದ, ಉಣ್ಣಿಗಳಿಂದ ಮನುಷ್ಯರಿಗೆ ಬರುವ ವೈರಸ್ಸುಗಳನ್ನು ಹುಡುಕುತ್ತ ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚು ತಿರುಗುತ್ತಿದ್ದಳು. ಖೋಲಿ ಕೇಳಲು ಬಂದ ದಿನವೇ ಎಲ್ಲ ಹೇಳಿದ್ದಳು. ಮಂಗನ ಕಾಯಿಲೆ ಎಂಬ ಮಾತು ನನ್ನ ತಲೆಗೆ ಇಳಿಯುವಷ್ಟರಲ್ಲಿ ಅವಳ ಟ್ರಂಕು ಒಳಗೆ ಹೋಗಿತ್ತು.

ಉಣ್ಣಿ ಹಿಡಿಯುವ ರೀತಿಯನ್ನೂ ಅವಳೇ ವಿವರಿಸಿದಳು. ಒಂದು ಬಿಳೀ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆದುಕೊಂಡು ಹೋಗುವುದು. ಯಾವುದೋ ಪ್ರಾಣಿ ಹೊರಟಿದೆ ಎಂದು ಉಣ್ಣಿ ಹತ್ತಿಕೊಳ್ಳುತ್ತದೆ. ಕೇಳಿದ ತಕ್ಷಣ ನಾನೊಂದು ಕಾಯ್ದೆ ಮಾಡಿದೆ: ಆ ಬಟ್ಟೆ ಮನೆಯೊಳಗೆ ಬರತಕ್ಕದ್ದಲ್ಲ, ಬಚ್ಚಲ ಹಿಂದಿನ ತಂತಿಯ ಮೇಲೇ ಇರಬೇಕು.

"ಅಂಕಲ್, ಪ್ರತಿ ಸಲ ಕುದಿಯೋ ನೀರಲ್ಲಿ ಅದ್ದಿ ತೆಗೀತೀನಿ" ಅಂದಳು.

"ಇರ್ಲಿವಾ. ಕುದ್ದದ್ದೂ ಅಲ್ಲೇ ಇರ್ಲಿ."

ಅದೇ ಹೊತ್ತಿಗೆ ಮಗಳು ಬಾಣಂತನಕ್ಕೆ ಬಂದು ಹೆಣ್ಣುಕೂಸು ಹಡೆದಳು. ನಾನು ಬಾಗಿಲಲ್ಲಿ ಬಕೀಟು, ಸಾಬೂನು ಇಟ್ಟೆ. ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ನಮ್ಮವ್ವ ಬಂದವರ ಮುಂದೆಲ್ಲ ನಗುತ್ತಿದ್ದಳು: "ಬಿಸಲಿಗೂ ಕೈ ತೊಳಕೊಂಡು ಬಾ ಅಂತಾನ್ರೀ ಇಂವ."

ನಮ್ಮಲ್ಲಿ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ಹೊಸದು ಮೈಗೆ ಚುಚ್ಚುತ್ತದೆ, ಮೇಲಿಂದ ಕಣ್ಣು ಬೀಳುತ್ತದೆ. ನಾಲ್ಕು ಮಂದಿ ಉಟ್ಟು ಒಗೆದು ಮೆತ್ತಗಾದ ಹಳೇ ಅರಿವಿಯೇ ಆಗಬೇಕು. ಧಾರವಾಡದಿಂದ ಇಲ್ಲಿಗೆ ಬಂದು ಎಷ್ಟು ವರ್ಷವಾದರೂ ಅವ್ವ ಇದನ್ನು ಬಿಟ್ಟಿಲ್ಲ. ಹಂಗಾಗಿ ಅವಳು ಹೊಲಿದ ಕುಂಚಿಗಿಯೂ ಹಳೇ ಅರಿವಿಯದೇ. ಕತ್ತರಿ ಹಾಕದೆ, ಚೌಕಾನ ಮಡಚಿ, ಒಂದು ಕಡೆ ಕೆಂಪು ದಾರದಿಂದ ಹೊಲಿದಿದ್ದಳು. ಕೂಸಿನ ತಲೆಗೂ ಬೆನ್ನಿಗೂ ಒಂದೇ. ನಾನು ಅದನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟ ಮೆತ್ತಗ ಐತಿ ಬೇ!" ಅಂದೆ.

ಜೋಯಿಡಾದಲ್ಲಿ ಕೆಲವು ದಿನ ಇದ್ದು ಬಂದ ಹುಡುಗಿ ಕೂಸು ನೋಡಲು ಬಂದಳು. ನನ್ನ ಕಾಯ್ದೆಯಂತೆ ಕೈಕಾಲು ತೊಳೆದಳು. ನಗುತ್ತ ಬಗ್ಗಿದವಳ ನಗು ಹಂಗೇ ನಿಂತಿತು.

"ಅಜ್ಜೀ, ಈ ಬಟ್ಟೆ ಎಲ್ಲಿ ಸಿಕ್ತು?"

"ಬಚ್ಚಲ ಹಿಂದಿನ ತಂತಿ ಮ್ಯಾಲವಾ. ನೀ ಬಿಟ್ಟು ಹೋಗಿದ್ದಿಯಲ್ಲ, ಬ್ಯಾಡಾಗೇತಿ ಅಂತ ತಿಳಕೊಂಡೆ. ಎಷ್ಟ ಚಂದ ಮಾಗೇತಿ ನೋಡು."

ಜಗತ್ತಿನ ಸಕಲ ಕೇಡುಗಳನ್ನೂ ಮುಂಗಡ ಎಣಿಸಿಟ್ಟವನು ನಾನು. ಇದೊಂದು ಆ ಎಣಿಕೆಯಲ್ಲಿ ಇರಲಿಲ್ಲ.

ಅಂಗಳದ ಬೆಳಕಿನಲ್ಲಿ ಕೂಸಿನ ಬಟ್ಟೆ ಬಿಚ್ಚಿದೆವು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಹುಡುಗಿ ನೋಡಿದಳು. ಮಗಳು ಅಳುತ್ತಿದ್ದಳು, ಕೂಸು ಅವಳಿಗಿಂತ ಜೋರಾಗಿ. ಏನೂ ಸಿಗಲಿಲ್ಲ. ಆಮೇಲೆ ಕುಂಚಿಗಿಯ ಹೊಲಿಗೆ ಬಿಚ್ಚಿದಾಗ ಒಳಮಡಿಕೆಯಲ್ಲಿ ಎಳ್ಳಿನಂಥದ್ದೊಂದು ಚಪ್ಪಟೆಯಾಗಿ ಅಂಟಿತ್ತು. ಚಿಮಟದಲ್ಲಿ ಎತ್ತಿ ಭೂತಗನ್ನಡಿ ಹಿಡಿದಳು.

"ಉಣ್ಣಿನೇ ಅಂಕಲ್. ಆದ್ರೆ ಸತ್ತಿದೆ. ಕುದಿಯೋ ನೀರಲ್ಲೇ ಸತ್ತಿದೆ. ಪಾಪುಗೆ ಏನೂ ಆಗಲ್ಲ."

ನನಗೆ ಕೇಳಿಸಿದ್ದು ಮೊದಲನೆಯ ಮಾತಷ್ಟೇ. "ಸುಟ್ಟು ಹಾಕೂಣು ಇದನ್ನ" ಅಂದೆ.

"ಕೂಸಿನ ಮೈಮ್ಯಾಲಿನ ಅರಿವಿ ಸುಡತಾರೇನೋ, ಹುಚ್ಚಪ್ಪ?" ಅವ್ವ ಉಳಿದ ದಾರವನ್ನೂ ಕಿತ್ತು ಬಟ್ಟೆಯನ್ನು ಹುಡುಗಿಯ ಕೈಗಿಟ್ಟಳು. "ನಿನ್ನ ಅಡವಿಗೇ ಒಯ್ಯವಾ."

ನನ್ನದು ಅಷ್ಟಕ್ಕೆ ಮುಗಿಯುವ ಜೀವವಲ್ಲ. ಕುದಿಸದೆ ಇದ್ದಿದ್ದರೆ? ಹೋಗಿ ಬಂದು ಅದನ್ನೇ ಕೇಳಿದೆ. ಸಾಕಾಗಿ ಅವಳೇ, "ನಾಳೆ ಕುಳಗಿ ಕಾಡಿನ ಕಡೆ ಹೋಗ್ತೀವಿ, ಬಂದು ನೀವೇ ನೋಡಿ" ಅಂದಳು.

ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಉಣ್ಣಿ ಹತ್ತದ ಎಣ್ಣೆಯನ್ನು ಹಣೆಯ ತನಕ ಬಳಿದುಕೊಂಡು ಜೀಪು ಹತ್ತಿದೆ. ಡ್ರೈವರ್ ನೋಡಿ, "ಸಾಹೇಬ್ರ, ಇನ್ನ ಕರಿಯೂದೊಂದ ಬಾಕಿ ಐತ್ರಿ" ಅಂದ.

ರಸ್ತೆಯಿಂದ ಬಹಳ ದೂರ ಹೋಗಲಿಲ್ಲ. ಹುಡುಗಿ ಅದೇ ಬಟ್ಟೆಯನ್ನು ಕೋಲಿಗೆ ಕಟ್ಟಿದಳು. ಅಂಚಿನಲ್ಲಿ ಅವ್ವನ ಕೆಂಪು ದಾರದ ಚೂರುಗಳು ಇನ್ನೂ ಇದ್ದವು. ಒಣಗಿದ ಎಲೆಗಳ ಮೇಲೆ ಸರಸರ ಎಳೆದು, ನಿಂತು, ತಿರುವಿ ಹಿಡಿದಳು.

"ಏನೂ ಇಲ್ಲಲ್ಲ. ಬರೇ ಧೂಳು" ಅಂದೆ.

"ಹತ್ರ ಬನ್ನಿ."

ಹತ್ತಿರ ಹೋದೆ. ಧೂಳು ನಡೆಯುತ್ತಿತ್ತು. ಅಲ್ಲೊಂದಲ್ಲ, ಇಲ್ಲೊಂದಲ್ಲ. ಕೆಂಪು ದಾರದ ಚೂರಿನ ಪಕ್ಕ, ಕೂಸಿನ ನೆತ್ತಿ ತಾಗಿಕೊಂಡಿದ್ದ ಜಾಗದಲ್ಲೇ, ಸಣ್ಣ ಸಣ್ಣ ಕಾಲುಗಳನ್ನು ಆಡಿಸುತ್ತ ಹಿಡಿಯಲು ಏನೋ ಹುಡುಕುತ್ತಿದ್ದವು. ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು.

ವಾಪಸು ಬರುವಾಗ ಫೋನಿಗೆ ಸಿಗ್ನಲ್ ಸಿಕ್ಕ ಕೂಡಲೇ ಮನೆಗೆ ಹಚ್ಚಿದೆ. ಅವ್ವ ಎತ್ತಿದಳು.

"ಅವ್ವಾ, ಕೂಸು?"

"ಈಗರ ಮಲಗೇತಿ. ಯಾಕ, ಏನ ನೋಡಿದಿ?"

"ಕಿವಿ ಹಿಂದ ಇನ್ನೊಮ್ಮೆ ನೋಡ ಬೇ" ಅಂದೆ.

ಬೈಗುಳಕ್ಕೆ ಕಾದೆ. ಬರಲಿಲ್ಲ. ಅವ್ವ ಫೋನನ್ನು ಎಲ್ಲೋ ಇಟ್ಟ ಸಪ್ಪಳ, ಬಳೆಯ ಸಪ್ಪಳ, ಆಮೇಲೆ ನಿದ್ದೆ ಕೆಟ್ಟ ಕೂಸಿನ ಅಳು.