ಹರಳು ಅಂಟಿಸುವ ಕೈ

ಹರಳಿನೊಳಗಿನ ಪರಮಾಣುಗಳು ಸುಮ್ಮನೆ ನಿಂತಿರುವುದಿಲ್ಲ. ತಮ್ಮ ತಮ್ಮ ಜಾಗದಲ್ಲೇ ಕಂಪಿಸುತ್ತಿರುತ್ತವೆ. ಕಾವು ಏರಿದಷ್ಟೂ ಕಂಪನ ಹೆಚ್ಚು. ಎಕ್ಸ್-ರೇ ಹಾಯಿಸಿದರೆ ಚುಕ್ಕಿ ಚುಕ್ಕಿಯಾಗಿ ಮೂಡಬೇಕಾದ ಕಿರಣಗಳಲ್ಲಿ ಒಂದಿಷ್ಟು ಈ ಕಂಪನದಿಂದ ಸುತ್ತಲೂ ಚೆದುರಿ, ಚುಕ್ಕಿಗಳು ಮಂಕಾಗುತ್ತವೆ. ಎಷ್ಟು ಮಂಕಾಗುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಶಹಾಬಾದಿನ ಸುಣ್ಣದ ಕಲ್ಲಿನ ಸಂದುಗಳಲ್ಲಿ ಸಿಗುವ ಹರಳನ್ನೇ ಆರಿಸಿಕೊಂಡಿದ್ದೆ.

ಅಲ್ಲಿನ ಸಣ್ಣ ಪ್ರಯೋಗಾಲಯದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಪಕ್ಕದ ಊರು ವಾಡಿಯಿಂದ ಬರುವ ಒಬ್ಬ ಹಿರಿಯರು. ಚಾಚಾ ಎನ್ನುತ್ತಿದ್ದೆ. ಸಾಸಿವೆಗಿಂತ ಚಿಕ್ಕ ಹರಳನ್ನು ಗಾಜಿನ ಎಳೆಯ ತುದಿಗೆ ಅಂಟಿಸಿ, ಅಳೆದು, ಸೇಡಂನಲ್ಲಿದ್ದ ನನಗೆ ಅಂಕಿಗಳನ್ನು ಕಳಿಸುತ್ತಿದ್ದರು.

ಆ ಮೇ ತಿಂಗಳಲ್ಲಿ ಅವರು ಅಳೆದ ಚುಕ್ಕಿಗಳು ನನ್ನ ಲೆಕ್ಕಕ್ಕಿಂತ ಮಂಕಾಗಿದ್ದವು. ಮೂರು ಸಲ ಲೆಕ್ಕ ಮಾಡಿದೆ, ತಾಳೆಯಾಗಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಹರಳು ಸಡಿಲವಾಗಿ ಕೂತಿದೆ, ಅಂಟಿಸಿದವರಿಗೆ ವಯಸ್ಸಾಗಿ ಕೈ ನಡುಗುತ್ತದೆ ಎಂದು ಮೇಲಿನವರಿಗೆ ಬರೆದುಬಿಟ್ಟೆ. ಆ ಕಾರಣವನ್ನೇ ಹೇಳಿ ಚಾಚಾ ಅವರನ್ನು ಯಂತ್ರದಿಂದ ಬಿಡಿಸಿ ಕಡತದ ಕೋಣೆಗೆ ಹಾಕಿದರು. ವಾರದೊಳಗೆ ಅವರು ಕೆಲಸ ಬಿಟ್ಟರು.

ತಾಳೆ ನೋಡಲೆಂದು ತರಿಸಿಕೊಂಡಿದ್ದ ಅವರ ಅಳತೆಯ ರಿಜಿಸ್ಟರ್ ನನ್ನ ಬಳಿಯೇ ಉಳಿಯಿತು. ಪುಟದಂಚಿನಲ್ಲಿ ದಿನಾ ಉರ್ದುವಿನಲ್ಲಿ ಏನೋ ಗೀಚಿದ್ದರು. ನನಗೆ ಉರ್ದು ಬರದು. ಅವರ ಸ್ವಂತದ್ದಿರಬೇಕು ಎಂದುಕೊಂಡಿದ್ದೆ. ತಿಂಗಳುಗಳಾದ ಮೇಲೆ ರವಿಕೆ ಹೊಲಿಸಲು ಹೋದಾಗ, ಸೇಡಂ ಬಜಾರಿನ ದರ್ಜಿ ಅಂಥದ್ದೇ ಗುರುತುಗಳಲ್ಲಿ ನನ್ನ ಅಳತೆ ಬರೆದುಕೊಂಡರು. ಮರುದಿನ ರಿಜಿಸ್ಟರ್ ಒಯ್ದು ತೋರಿಸಿದೆ.

"ನಲ್ವತ್ತೆರಡು, ನಲ್ವತ್ತೊಂದು, ನಲ್ವತ್ಮೂರು," ಎಂದು ಓದಿ ದರ್ಜಿ ನಕ್ಕರು. "ಯಾವ ಪೈಲವಾನನ ಎದಿ ಅಳತಿರಿ ಮೇಡಂ ಇದು?"

ಎದೆಯಳತೆಯಲ್ಲ, ಅದು ಆ ಮೇ ತಿಂಗಳಲ್ಲಿ ದಿನದಿನದ ಕೋಣೆಯ ಉಷ್ಣತೆ. ಅಲ್ಲಿ ಎ.ಸಿ. ಕೆಟ್ಟಿತ್ತು; ನಾನು ವಿಚಾರಿಸಿಯೇ ಇರಲಿಲ್ಲ. ಪುಸ್ತಕದಲ್ಲಿದ್ದ ಕೋಣೆಯ ಉಷ್ಣತೆ, ಇಪ್ಪತ್ತು ಡಿಗ್ರಿ, ಹಾಕಿ ಲೆಕ್ಕ ಮಾಡಿದ್ದೆ. ಈ ಬಿಸಿಲಲ್ಲೇ ಹುಟ್ಟಿ ಬೆಳೆದವಳು ನಾನು! ನಮ್ಮ ಯಾವ ಕೋಣೆ ಮೇ ತಿಂಗಳಲ್ಲಿ ಇಪ್ಪತ್ತು ಡಿಗ್ರಿ ಇರುತ್ತದೆ? ಚಾಚಾ ಬರೆದಿಟ್ಟ ಉಷ್ಣತೆ ಹಾಕಿದೆ, ಲೆಕ್ಕ ಕೂಡಿತು.

ತಪ್ಪು ನನ್ನದೆಂದು ಮೇಲಿನವರಿಗೆ ಬರೆದು, ವಾಡಿಗೆ ಹೋದೆ.

"ಬರ್ರಿ ಮೇಡಂ, ಕುಂದ್ರಿ," ಎಂದರು ಚಾಚಾ, ಏನೂ ಆಗಿಲ್ಲವೆಂಬಂತೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೆಲಸಕ್ಕೆ ತಿರುಗಿ ಬನ್ನಿ ಎಂದೆ. ಅವರು ಕೆಲಸದ ಮಾತೇ ಎತ್ತಲಿಲ್ಲ. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು.

"ಅಂದ್ರ ನನ್ನ ಕೈ ನಡಗ್ತಿದ್ದಿಲ್ಲೇನ್ರಿ?"

"ಇಲ್ರಿ ಚಾಚಾ."

ಒಳಕೋಣೆಯ ಕಡೆ ನೋಡಿದರು.

"ಮೊಮ್ಮಗಳು ಹುಟ್ಟಿ ಐದು ತಿಂಗಳಾಯ್ತ್ರಿ. ಎಲ್ಲಿ ಕೈಜಾರಿ ಬೀಳತದೋ ಅಂತ ಒಂದ್ಸಲಾನೂ ಎತ್ಕೊಂಡಿಲ್ಲ ನಾನು."